ಪತ್ರೆ ಗಿಡಕ್ಕೆ ಗರಗಸ

ಶಂಕರಪುರದ ಆ ಬೀದಿಯಲ್ಲಿ ಮೂವತ್ತಾರು ಗುಂಡಿಗಳಿದ್ದವು. ಮೂರನೆಯ ಸಲ ಅವನ್ನು ಅಗೆಸಲು ಹೋದ ದಿನ, ಮೂಲೆಮನೆಯ ನಿವೃತ್ತ ಮೇಷ್ಟ್ರು ಜಗಲಿಯಲ್ಲಿ ಕೂತಲ್ಲಿಂದಲೇ, ಈ ಸಲ ಯಾವ ಗಿಡ ಸಾಯಿಸುವುದಕ್ಕೆ ಬಂದಿದ್ದೀರಿ ಎಂದು ಕೇಳಿದರು. ತಮಾಷೆಗೆ ಕೇಳಿದ್ದು. ಆದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲವಾದ್ದರಿಂದ ನಾನು ಗುದ್ದಲಿಯವರ ಕಡೆ ತಿರುಗಿದೆ.

ಮೊದಲ ಸಲ ನೆಟ್ಟಿದ್ದ ಹೊಂಗೆ ಸಸಿಗಳು, ನಾನು ಊರ ಬೀದಿಗಳಿಗೆ ಮರ ನೆಡಿಸುವ ಸರ್ಕಾರಿ ಕೆಲಸಕ್ಕೆ ಸೇರುವ ಮೊದಲೇ ಹೋಗಿದ್ದವು. ಯುದ್ಧದ ಕಾಲ ಅದು. ಸೌದೆ ಡಿಪೋ ಮುಂದೆ ಅರ್ಧ ದಿನ ನಿಂತರೂ ಒಂದು ಹೊರೆ ಸಿಕ್ಕುತ್ತಿರಲಿಲ್ಲ. ಸಸಿಗಳ ಸುತ್ತ ಕಟ್ಟಿದ್ದ ಬಿದಿರು ತಡಿಕೆಗಳು ಒಂದೊಂದಾಗಿ ಬಚ್ಚಲ ಒಲೆ ಸೇರಿದವು, ಬಯಲಾದ ಸಸಿಗಳನ್ನು ಮೇಕೆಗಳು ಮುಗಿಸಿದವು. ಎರಡನೆಯ ಸಲ ಸತ್ತ ಹೊಂಗೆ ಮಾತ್ರ ಪೂರ್ತಿ ನನ್ನದೇ ಕೈಗುಣ. ದಿನಾ ತಪ್ಪದೆ ಒಂದೊಂದು ಸಸಿಗೆ ಒಂದೊಂದು ಚೆಂಬು ನೀರು ಹಾಕಿಸಿದೆ. ಏಪ್ರಿಲ್‌ನಲ್ಲಿ ನೀರಿನ ಬಂಡಿಯ ಎತ್ತಿಗೆ ಕಾಲುಬಾಯಿ ರೋಗ ಬಂದು ಹನ್ನೆರಡು ದಿನ ಬಂಡಿ ಹೊರಡಲಿಲ್ಲ. ಅಷ್ಟರಲ್ಲಿ ಸಾಲಿಗೆ ಸಾಲೇ ಒಣಗಿ ನಿಂತಿತು.

ನಮ್ಮ ಗುಂಪಿನ ಮೇಸ್ತ್ರಿ ಸತ್ತ ಸಸಿಯೊಂದನ್ನು ಕಿತ್ತು ನನ್ನ ಮುಂದೆ ಹಿಡಿದರು. ಬೇರು ಒಂದು ಗೇಣೂ ಇಳಿದಿರಲಿಲ್ಲ. ಮೇಲ್ಮಣ್ಣಿನಲ್ಲೇ ಸಿಂಬೆಯ ಹಾಗೆ ಸುತ್ತಿಕೊಂಡಿತ್ತು.

"ದಿನಾ ಬಾಯಿಗೆ ತುತ್ತು ಇಡ್ತಾ ಇದ್ರೆ ಯಾವ ಮಗ ಎದ್ದು ಹೋಗಿ ದುಡೀತಾನೆ ಸ್ವಾಮಿ?" ಎಂದರು. "ನೀರು ಕೆಳಗೈತೆ ಅಂತ ಬೇರಿಗೆ ಗೊತ್ತಾಗ್ಬೇಕು. ಮೂರು ದಿನಕ್ಕೊಂದ್ಸಲ ಹಾಕಿ, ಎರಡು ಕೊಡ ಹಾಕಿ. ಮಧ್ಯದಲ್ಲಿ ಅದು ಸ್ವಲ್ಪ ಬಾಡ್ಲಿ. ನೀವು ನೋಡೋಕೆ ಹೋಗ್ಬೇಡಿ."

ಮೇಸ್ತ್ರಿಗೆ ಆಗ ಅರವತ್ತು ದಾಟಿತ್ತು. ಸಿದ್ದಾಪುರದ ಆಚೆ ಅವರ ಮನೆತನದ ತರಕಾರಿ ತೋಟವಿತ್ತು. ಮಣ್ಣನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿ ಏನು ಬೆಳೆಯುತ್ತದೆ ಎಂದು ಹೇಳುತ್ತಿದ್ದರು. ನಾನು ಪೇಟೆಯ ವ್ಯಾಪಾರಿಗಳ ಮನೆಯವನು. ಅವೆನ್ಯೂ ರಸ್ತೆಯಲ್ಲಿ ಅಣ್ಣನ ನೋಟುಬುಕ್ಕಿನ ಅಂಗಡಿಯಿತ್ತು, ಅಲ್ಲಿ ನೆರಳಲ್ಲಿ ಕೂತು ರೂಲು ಹಾಕಿದ ಕಾಗದ ಮಾರುವುದು ಬಿಟ್ಟು ಬಿಸಿಲಲ್ಲಿ ಗುಂಡಿ ಅಗೆಸುವ ಕೆಲಸಕ್ಕೆ ಬಂದವನು. ಗುಂಪಿಗೆ ನಾನು ಯಜಮಾನ, ಅವರು ನನ್ನ ಕೈಕೆಳಗಿನವರು ಎಂದು ಕಾಗದದಲ್ಲಿತ್ತು. ಕಾಗದದಲ್ಲಿ ಮಾತ್ರ.

ಮೂರನೆಯ ಸಲದ ಗುಂಡಿಗಳನ್ನು ಅವರು ಹೇಳಿದ ಹಾಗೆಯೇ ಅಗೆಸಿದೆ. ಎರಡು ಮೊಳ ಅಗಲ, ಎರಡು ಮೊಳ ಆಳ. ಮೇಲಿನ ಕೆಂಪು ಮಣ್ಣು ಒಂದು ಕಡೆ, ಕೆಳಗಿನ ಗರಸು ಇನ್ನೊಂದು ಕಡೆ. ಏಪ್ರಿಲ್‌ನಲ್ಲಿ ಅಗೆದ ಗುಂಡಿ ಒಂದು ತಿಂಗಳು ಬಾಯಿ ತೆರೆದುಕೊಂಡು ಬಿಸಿಲು ಕುಡಿಯಬೇಕು. ಗೆದ್ದಲು, ಹುಳ ಅದರಲ್ಲೇ ಸಾಯುತ್ತವೆ. ಆಮೇಲೆ ಗರಸನ್ನು ಬಿಸಾಕಿ, ಮೇಲ್ಮಣ್ಣಿಗೆ ಹಳೆಯ ಕೊಟ್ಟಿಗೆ ಗೊಬ್ಬರ, ಕೊಳೆತ ಎಲೆ ಸೇರಿಸಿ ತುಂಬಿ, ಮೊದಲ ಮಳೆಗೆ ಅದು ಕೂರುವವರೆಗೆ ಕಾಯಬೇಕು. ಕಾಯುವುದೇ ಈ ಕೆಲಸದಲ್ಲಿ ಮುಕ್ಕಾಲು ಪಾಲು ಎಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ನಮ್ಮ ಕಚೇರಿಯ ಮುಖ್ಯಸ್ಥರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಸೈಕಲ್ ಮೇಲೆ ಬಂದು, ಒಂದು ಕಾಲು ನೆಲಕ್ಕೆ ಊರಿ, ಇಳಿಯದೆಯೇ ಕೆಲಸ ನೋಡಿ ಹೋಗುವುದು ಅವರ ಪದ್ಧತಿ. ಈ ಬೀದಿಗೆ ಇದೇ ಕಡೆಯ ಸಲ ಎಂದರು. ಇದೂ ಹೋದರೆ ಬೀದಿಯನ್ನು ಪಟ್ಟಿಯಿಂದ ತೆಗೆದು ಅಂಚಿಗೆ ಚಪ್ಪಡಿ ಹಾಸಿಸಿಬಿಡುತ್ತಾರೆ. ಆಮೇಲೆ ಅಲ್ಲಿ ಯಾವ ಕಾಲಕ್ಕೂ ಮರವಿಲ್ಲ. ಯಾವ ಗಿಡ ಬೇಕೋ ನೀವೇ ಆರಿಸಿ, ಆದರೆ ಉಳಿಯುವುದನ್ನು ಆರಿಸಿ ಎಂದು ನನಗೇ ಬಿಟ್ಟರು.

ನಾನು ಬಿಲ್ವ ಎಂದೆ. ಲೆಕ್ಕ ಸರಿಯಾಗಿಯೇ ಹಾಕಿದ್ದೆ. ಬಿಲ್ವಕ್ಕೆ ಮುಳ್ಳಿದೆ, ದನಕರು ಹತ್ತಿರ ಬರುವುದು ಕಡಿಮೆ. ಬರಗಾಲ ತಡೆಯುತ್ತದೆ. ಮನೆಯ ಮೇಲೆ ಬೀಳುವಷ್ಟು ದೊಡ್ಡ ಮರವಾಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಅದು ಶಿವನ ಗಿಡ. ಒಲೆಗೆ ತಡಿಕೆ ಕಿತ್ತುಕೊಂಡವರೂ ಬಿಲ್ವದ ತಡಿಕೆಗೆ ಕೈ ಹಾಕಲಾರರು ಎಂದುಕೊಂಡೆ. ಸಾಹೇಬರು ಒಪ್ಪಿದರು. ಮೇಸ್ತ್ರಿ ಮಾತ್ರ ತಲೆ ಅಲ್ಲಾಡಿಸಿದರು.

"ಪೂಜೆಗೆ ಬೇಕಾದ ಗಿಡ ಹಿತ್ತಲಲ್ಲಿರ್ಬೇಕು, ಇಲ್ಲ ಗುಡೀಲಿರ್ಬೇಕು ಸ್ವಾಮಿ. ಬೀದೀಲಿ ಇರಬಾರ್ದು."

ಯಾಕೆ ಎಂದು ನಾನು ಕೇಳಲಿಲ್ಲ. ಆ ವಯಸ್ಸಿನಲ್ಲಿ ಯಾಕೆ ಎಂದು ಕೇಳುವುದು ನನಗೆ ಅಭ್ಯಾಸವಿರಲಿಲ್ಲ.

ನಮ್ಮ ಮನೆ ಚಾಮರಾಜಪೇಟೆಯಲ್ಲಿ, ಆ ಬೀದಿಗೆ ಹತ್ತು ನಿಮಿಷದ ನಡಿಗೆ. ಅಮ್ಮ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂತರೆ ಒಂದು ಗಂಟೆ ಏಳುತ್ತಿರಲಿಲ್ಲ. ಪೂಜೆಗೆ ಪತ್ರೆ ಬೇಕೇ ಬೇಕು. ಬಿಲ್ವದೆಲೆಗೆ ನಮ್ಮಲ್ಲಿ ಬರೀ ಪತ್ರೆ ಎನ್ನುತ್ತಾರೆ. ಪೂಜೆ ಮುಗಿಯುವವರೆಗೆ ಅವಳು ಹನಿ ನೀರು ಮುಟ್ಟುತ್ತಿರಲಿಲ್ಲ. ಮುಗಿದ ಮೇಲೆ, ಬಾವಿಯಿಂದ ಆಗತಾನೆ ಸೇದಿದ ನೀರನ್ನು ಹಿತ್ತಾಳೆ ಲೋಟದಲ್ಲಿ ನಾನು ಕೊಡಬೇಕು. ಮೊದಲು ಅಪ್ಪ ಕೊಡುತ್ತಿದ್ದರು. ಅವರು ಹೋದ ಮೇಲೆ ಆ ಕೆಲಸ ನನಗೆ ಬಂತು. ನನಗೆ ಮದುವೆಯಾದ ಮೇಲೂ ಅದು ಹೆಂಡತಿಯ ಪಾಲಿಗೆ ಹೋಗದೆ ನನ್ನ ಹತ್ತಿರವೇ ಉಳಿಯಿತು.

ಬೀದಿಗೆ ಪತ್ರೆ ನೆಡುತ್ತೇನೆಂದು ಹೇಳಿದಾಗ ಅಮ್ಮ ನನ್ನನ್ನೇ ನೋಡಿದಳು. ನಾನು ಅಂಗಡಿ ಬಿಟ್ಟು ಮಣ್ಣಿನ ಕೆಲಸಕ್ಕೆ ಸೇರಿದ್ದು ಅವಳಿಗೆ ನುಂಗಲಾರದ ತುತ್ತಾಗಿತ್ತು. ಅಂದು ಮೊದಲ ಸಲ, ಒಳ್ಳೆ ಕೆಲಸ ಎಂದಳು. ನೆಡುವ ದಿನ ತಾನೇ ನಡೆದು ಬಂದು ಮೊದಲ ಗುಂಡಿಗೆ ಒಂದು ಚಿಟಿಕೆ ವಿಭೂತಿ ಹಾಕಿ ನೀರೆರೆದಳು.

ಬುಟ್ಟಿಯಲ್ಲಿ ಬೆಳೆಸಿದ ಸಸಿಗಳು, ಮೊಣಕಾಲೆತ್ತರದವು. ಮೇಸ್ತ್ರಿ ಗುಂಡಿಯ ಬಾಯಿಗೆ ಅಡ್ಡಲಾಗಿ ಒಂದು ಕೋಲಿಟ್ಟು, ಸಸಿಯ ಕತ್ತು, ಅಂದರೆ ಕಾಂಡ ಮುಗಿದು ಬೇರು ಶುರುವಾಗುವ ಜಾಗ, ಸರಿಯಾಗಿ ಕೋಲಿನ ಮಟ್ಟಕ್ಕೆ ಬರುವ ಹಾಗೆ ಹಿಡಿದರು. ಕತ್ತು ಮುಚ್ಚುವ ಹಾಗೆ ಹೂತರೆ ಅದು ಉಸಿರು ಕಟ್ಟಿ ಸಾಯುತ್ತದೆ, ಕತ್ತಿನ ಕೆಳಗೆ ಬೇರು ಕಂಡರೆ ಒಣಗಿ ಸಾಯುತ್ತದೆ. ಹಿಮ್ಮಡಿಯಿಂದ ಮಣ್ಣು ತುಳಿದು, ಗಾಳಿ ಬರುವ ಪಡುವಣ ಕಡೆಗೆ ಊರೆಗೋಲು ನೆಟ್ಟು, ಗೋಣಿಪಟ್ಟಿಯನ್ನು ಕೋಲಿಗೂ ಕಾಂಡಕ್ಕೂ ನಡುವೆ ತಿರುಚಿ ಸಡಿಲವಾಗಿ ಕಟ್ಟಬೇಕು. ಬಿಗಿದು ಕಟ್ಟಿದ ಸಸಿ ಆಷಾಢದ ಗಾಳಿಗೆ ಕಟ್ಟಿದ ಜಾಗದಲ್ಲೇ ಮುರಿಯುತ್ತದೆ. ಇದನ್ನೆಲ್ಲ ನಾನು ಮೂವತ್ತಾರು ಸಲ ಮಾಡಿ ಕಲಿತೆ. ಮೂವತ್ತಾರನೆಯದನ್ನು ನೋಡಿ ಮೇಸ್ತ್ರಿ, ಪರವಾಗಿಲ್ಲ ಎಂದರು.

ಆಮೇಲೆ ಮನೆಮನೆಗೂ ಹೋದೆ. ನಿಮ್ಮ ಮನೆ ಮುಂದಿನ ಗಿಡ ನಮ್ಮದಲ್ಲ, ನಿಮ್ಮದು, ಶಿವನ ಗಿಡ, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಎರಡು ಕೊಡ ನೀರು ಹಾಕಿದರೆ ಸಾಕು ಎಂದು ಒಂದೊಂದು ಬಾಗಿಲಲ್ಲೂ ಹೇಳಿದೆ. ಹೇಳಿದ್ದಕ್ಕಿಂತ ಚೆನ್ನಾಗಿ ಮಾಡಿದರು. ಹೊಂಗೆಗಾದರೆ ಪಾತ್ರೆ ತೊಳೆದ ನೀರು ಚೆಲ್ಲುತ್ತಿದ್ದ ಹೆಂಗಸರು ಬಿಲ್ವಕ್ಕೆ ಬಾವಿಯ ನೀರನ್ನೇ ಸೇದಿ ತಂದು ಹಾಕಿದರು. ಕೆಲವರು ಪಾತಿಯ ಸುತ್ತ ರಂಗೋಲಿ ಬಿಟ್ಟರು. ಒಂದು ತಡಿಕೆಯೂ ಕಾಣೆಯಾಗಲಿಲ್ಲ. ಮೊದಲ ಶಿವರಾತ್ರಿಗೆ ಅಲ್ಲೊಂದು ಇಲ್ಲೊಂದು ಎಲೆ ಹೋಗಿತ್ತು, ಅಷ್ಟೆ. ನಾನು ಮೇಸ್ತ್ರಿಗೆ ಅದನ್ನು ತೋರಿಸಿ, ನೋಡಿದಿರಾ ಎಂದೆ. ಗಿಡ ಇನ್ನೂ ತಡಿಕೆ ದಾಟಿ ಕೈಗೆಟುಕುವ ಹಾಗಾಗಿಲ್ಲ ಎಂದರು ಅವರು.

ಆ ವರ್ಷ ಸ್ವಾತಂತ್ರ್ಯ ಬಂತು. ಬೀದಿಯವರು ಸಂಭ್ರಮದಲ್ಲಿ ಗಿಡದಿಂದ ಗಿಡಕ್ಕೆ ದಾರ ಎಳೆದು ಕಾಗದದ ಬಾವುಟ ಕಟ್ಟಿದರು. ದಾರವನ್ನು ಸಸಿಗಳಿಗೇ ಬಿಗಿದಿದ್ದರು. ಊರೆಲ್ಲ ಹಬ್ಬ ಮಾಡಿದ ಮೇಲೆ ನಾನು ಎರಡು ದಿನ ಕೂತು ತೊಗಟೆಯೊಳಗೆ ಇಳಿದ ದಾರವನ್ನು ಬ್ಲೇಡಿನಿಂದ ಕತ್ತರಿಸಿದೆ. ಬೇಸರವಾಗಲಿಲ್ಲ. ಸಸಿಗಳು ಆಗಲೇ ಸೊಂಟದ ಮಟ್ಟ ದಾಟಿದ್ದವು.

ಎರಡನೆಯ ಶಿವರಾತ್ರಿಯ ಹೊತ್ತಿಗೆ ಭುಜದ ಮಟ್ಟ ಬಂದಿದ್ದವು. ಅಂದು ಬೆಳಿಗ್ಗೆ ನಾನು ಬೇರೆ ಕಡೆ ಕೆಲಸ ಮುಗಿಸಿ ಒಂಬತ್ತು ಗಂಟೆಗೆ ಬೀದಿಗೆ ಬಂದೆ. ಮೂವತ್ತಾರು ಕಡ್ಡಿಗಳು ನಿಂತಿದ್ದವು. ಒಂದು ಎಲೆಯಿಲ್ಲ. ಎಲೆ ಹೋದರೆ ಹೋಗಲಿ, ಬೇಸಿಗೆಗೆ ಬಿಲ್ವ ಹೇಗೂ ಎಲೆ ಉದುರಿಸುವ ಗಿಡವೇ. ತುದಿಗಳು ಹೋಗಿದ್ದವು. ಮುಳ್ಳಿನ ನಡುವೆ ಒಂದೊಂದೇ ಪತ್ರೆ ಬಿಡಿಸುವುದು ಕಷ್ಟ. ಎಳೆಯ ತುದಿಯನ್ನು ಲಟಕ್ಕನೆ ಮುರಿದರೆ ಐದಾರು ಪತ್ರೆ ಒಟ್ಟಿಗೆ ಬರುತ್ತವೆ. ಎಲ್ಲರೂ ಹಾಗೆಯೇ ಮಾಡಿದ್ದರು. ಮೇಲೆ ಹೋಗಬೇಕಾದ ತುದಿಯೇ ಇಲ್ಲದ ಮೇಲೆ ಗಿಡ ಮರವಾಗುವುದು ಎಲ್ಲಿಂದ?

ಜಗಲಿಯ ಮೇಲೆ ಮೇಷ್ಟ್ರು ನನ್ನನ್ನು ನೋಡಿ ಖುಷಿಯಿಂದ ಎದ್ದು ಬಂದರು. ನಿಮ್ಮ ತಾಯಿಯವರು ದೊಡ್ಡ ಮನಸ್ಸಿನವರು ಎಂದರು. ಹಿಂದಿನ ದಿನ ಅಮ್ಮ ಬೀದಿಯ ಮನೆಮನೆಗೂ ಹೋಗಿ, ಗುಡಿಯಲ್ಲಿ ಸಿಕ್ಕ ಹೆಂಗಸರಿಗೂ ಹೇಳಿ, ಇವು ನನ್ನ ಮಗ ಶಿವನಿಗಾಗಿ ನೆಟ್ಟ ಗಿಡ, ಎಲ್ಲರೂ ಪತ್ರೆ ತಗೊಳ್ಳಿ, ನಾಚಿಕೆ ಪಡಬೇಡಿ ಎಂದಿದ್ದಳಂತೆ. ಬಸವನಗುಡಿಯಿಂದಲೂ ಜನ ಬಂದಿದ್ದರಂತೆ.

ಮನೆಗೆ ಹೋದೆ. ಅಮ್ಮ ಉಪವಾಸದ ದಿನದ ಮಡಿಸೀರೆಯಲ್ಲಿ ತಟ್ಟೆ ತುಂಬ ಪತ್ರೆ ಇಟ್ಟುಕೊಂಡು ಕೂತಿದ್ದಳು. ಇವತ್ತು ಎಷ್ಟು ಮನೆಯಲ್ಲಿ ನಿನ್ನ ಪತ್ರೆ ಏರಿದೆ ಗೊತ್ತೇನೋ ಎಂದಳು. ನನಗೆ ಮೈ ಉರಿಯುವಷ್ಟು ಸಿಟ್ಟು ಬಂದಿತ್ತು. ಆ ಮುಖ ನೋಡಿ ಏನೂ ಹೇಳಲಾಗಲಿಲ್ಲ. ಇದು ನಿಮ್ಮ ಗಿಡ ಎಂದು ಬಾಗಿಲು ಬಾಗಿಲಲ್ಲಿ ಹೇಳಿಬಂದವನು ನಾನೇ ಅಲ್ಲವೇ? ಅವರದೇ ಗಿಡ, ಅವರು ಕಿತ್ತುಕೊಂಡರು.

ಬೇಸಿಗೆಯ ಮೊದಲ ಮಳೆಗೆ ಗಿಡಗಳು ಚಿಗುರಿದವು, ಹೇಗೆ ಚಿಗುರಬಾರದೋ ಹಾಗೆ. ಮುರಿದ ತುದಿಯ ಕೆಳಗೆ ಐದು, ಆರು ರೆಂಬೆಗಳು ನಾಲ್ಕು ದಿಕ್ಕಿಗೆ ಹೊರಟವು. ಸೊಂಟದ ಮಟ್ಟದಲ್ಲಿ ಮುಳ್ಳಿನ ಪೊದೆ. ನಡೆಯುವವರ ಸೆರಗು ಸಿಕ್ಕಿಹಾಕಿಕೊಂಡಿತು, ಹಾಲಿನವನ ಕೈ ಗೀರಿತು. ದೂರು ಕಚೇರಿಗೆ ಹೋಯಿತು, ಸಾಹೇಬರು ಬಂದರು. ಅಂದು ಅವರು ಸೈಕಲ್ಲಿನಿಂದ ಇಳಿದರು.

"ಇದು ಮರ ಅಲ್ಲ ಕಣ್ರೀ, ಬೇಲಿ," ಎಂದರು. "ಬರೋ ಶಿವರಾತ್ರಿ ಕಳೆದ ಮಾರನೇ ದಿನ ಬರ್ತೀನಿ. ಎದೆಮಟ್ಟ ದಾಟಿದ ಒಂಟಿ ಕಾಂಡ, ಮೇಲೆ ತುದಿ, ಎರಡೂ ಇರ್ಬೇಕು. ಇಲ್ದಿದ್ರೆ ಬೇರುಸಮೇತ ಕೀಳ್ಸಿ ಚಪ್ಪಡಿ ಹಾಕಿಸ್ಬಿಡ್ತೀನಿ. ನನಗಿನ್ನು ಕಾಯಕ್ಕಾಗಲ್ಲ."

ಅವರ ಮಾತಿನಲ್ಲಿ ಅನ್ಯಾಯವಿರಲಿಲ್ಲ. ನನಗಂತೂ ಅಷ್ಟು ಹೊತ್ತಿಗೆ ಸಾಕುಸಾಕಾಗಿತ್ತು. ಅಣ್ಣ ಅಂಗಡಿಗೆ ಬಾ ಎಂದು ಹೇಳಿ ಕಳಿಸಿದ್ದ. ಆದರೂ ಒಂದು ಪ್ರಯತ್ನ ಮಾಡಿದೆ. ಮೂರು ಗಿಡಗಳಲ್ಲಿ ಅಡ್ಡ ರೆಂಬೆಗಳನ್ನೆಲ್ಲ ಕತ್ತರಿಸಿ, ಇದ್ದುದರಲ್ಲಿ ನೆಟ್ಟಗಿನ ಒಂದನ್ನು ಬಿದಿರಿಗೆ ಕಟ್ಟಿ ನಿಲ್ಲಿಸಿದೆ. ಆ ರೆಂಬೆ ಹಳೆಯ ಕಾಂಡಕ್ಕೆ ಸೇರುವಲ್ಲಿ ಮೊಣಕೈಯಂತೆ ಬಾಗಿತ್ತು. ಮೇ ತಿಂಗಳ ಒಂದು ಸಂಜೆಯ ಗಾಳಿಗೆ ಮೂರೂ ಆ ಮೊಣಕೈಯಲ್ಲೇ ಸೀಳಿಕೊಂಡು ಬಿದ್ದವು.

ಮೇಸ್ತ್ರಿ ಬಿದ್ದ ರೆಂಬೆಗಳನ್ನು ಒಟ್ಟುಮಾಡುತ್ತ, ಬುಡಕ್ಕೆ ಕೊಯ್ದುಬಿಡಿ ಎಂದರು. ನೆಲದಿಂದ ನಾಲ್ಕು ಬೆರಳು ಬಿಟ್ಟು ಪೂರ್ತಿ ಕೊಯ್ಯುವುದು. ಕೆಳಗೆ ಎರಡು ವರ್ಷದ ಬೇರಿದೆ, ಅದಕ್ಕೆ ಬಲವಿದೆ. ಬುಡದಿಂದ ಹತ್ತು ಚಿಗುರು ಏಳುತ್ತವೆ. ಒಂದನ್ನು ಉಳಿಸಿ ಒಂಬತ್ತನ್ನು ಉಜ್ಜಿ ತೆಗೆದರೆ ಬೇರಿನ ಶಕ್ತಿಯೆಲ್ಲ ಒಂದಕ್ಕೇ ಹೋಗಿ, ನೆಟ್ಟಗೆ ಮೇಲೆ ಹೋಗುತ್ತದೆ. ಮುಂಗಾರು ಕಾಲೂರುವ ಮುಂಚೆ ಮಾಡಬೇಕು.

ಹಾಗಾದರೆ ನಾಳೆಯೇ ಕೊಯ್ಯಿಸಿ ಎಂದೆ. ಅವರು ಕೈ ಒರೆಸಿಕೊಂಡರು.

"ದಾರಿ ಹೇಳ್ದೆ ಸ್ವಾಮಿ. ಪತ್ರೆ ಗಿಡಕ್ಕೆ ನಾನು ಗರಗಸ ಹಾಕಲ್ಲ. ನಮ್ಮ ಹುಡುಗ್ರೂ ಹಾಕಲ್ಲ. ಹಾಕೋದಾದ್ರೆ ನೀವೇ ಹಾಕ್ಬೇಕು."

ಹದಿನೈದು ದಿನ ನಾನು ಏನೂ ಮಾಡಲಿಲ್ಲ. ಒಳಗೊಳಗೆ ನನಗೂ ಭಯವಿತ್ತು. ಚಿಕ್ಕಂದಿನಿಂದ ಕೆಳಗೆ ಬಿದ್ದ ಪತ್ರೆಯನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡು ಬೆಳೆದವನು. ಕಡೆಗೆ ಒಂದು ದಿನ ಅಮ್ಮನಿಗೆ ಲೋಟದ ನೀರು ಕೊಟ್ಟು, ಅವಳು ಕುಡಿದು ಮುಗಿಸುವವರೆಗೆ ಕಾದು, ಹೇಳಿದೆ. ಅವಳು ಲೋಟ ಕೆಳಗಿಟ್ಟಳು.

"ಬೇಡ."

ಕೊಯ್ಯದಿದ್ದರೆ ಸಾಹೇಬರು ಬೇರುಸಮೇತ ಕೀಳಿಸುತ್ತಾರೆ ಎಂದೆ.

"ಅವರು ಕೀಳಿಸಿದ್ರೆ ಆ ಪಾಪ ಅವರಿಗೆ. ನೀನ್ಯಾಕೆ ಹೊತ್ಕೋತೀಯ?"

ಅಷ್ಟಕ್ಕೆ ಎದ್ದು ಹೋಗಬೇಕಿತ್ತು. ಎರಡು ವರ್ಷದ ದಣಿವೋ ಏನೋ, ನಾಲಿಗೆ ನಿಲ್ಲಲಿಲ್ಲ. "ಆ ಗಿಡಗಳ್ನ ಬೋಳು ಮಾಡ್ಸಿದ್ದು ಯಾರಮ್ಮ? ನೀನೇ ತಾನೆ ಊರೋರನ್ನೆಲ್ಲ ಕರೆದಿದ್ದು," ಎಂದುಬಿಟ್ಟೆ.

ಅಮ್ಮ ತಟ್ಟನೆ ತಲೆಯೆತ್ತಿದಳು. ತುದಿ ಮುರಿದದ್ದರಿಂದಲೇ ಗಿಡಗಳು ಕೆಟ್ಟವೆಂದು ಅವಳಿಗೆ ಗೊತ್ತೇ ಇರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಆಮೇಲೆ ದನಿ ಏರಿಸದೆ, ಪತ್ರೆ ಗಿಡಕ್ಕೆ ಗರಗಸ ಹಾಕಿದ ಕೈಯಿಂದ ನಾನು ನೀರು ಇಸ್ಕೊಳ್ಳಲ್ಲ ಎಂದಳು.

ಮಾರನೆಯ ದಿನ ಸೋಮವಾರ, ಶಿವನ ವಾರ. ಅಷ್ಟು ಮಾತ್ರ ಬಿಟ್ಟುಕೊಟ್ಟೆ. ಮಂಗಳವಾರ ಬೆಳಿಗ್ಗೆ ಸಣ್ಣ ಹಲ್ಲಿನ ಗರಗಸ ತಗೊಂಡು ಬೀದಿಗೆ ಹೋದೆ. ಮಂಡಿಯೂರಿ, ಎಡಗೈಯಲ್ಲಿ ಕಾಂಡ ಹಿಡಿದು, ಮಳೆನೀರು ನಿಲ್ಲದಂತೆ ಓರೆಯಾಗಿ ಕೊಯ್ಯಬೇಕು. ಹೆಬ್ಬೆರಳು ದಪ್ಪದ ಕಾಂಡ, ಇಪ್ಪತ್ತು ಎಳೆತಕ್ಕೆ ಮುಗಿಯುತ್ತದೆ. ಕೊಯ್ದ ಬಾಯಿಗೆ ಸಗಣಿ ಮತ್ತು ಕೆಮ್ಮಣ್ಣು ಕಲಸಿ ಮೆತ್ತಬೇಕು. ಮೇಸ್ತ್ರಿ ಸಗಣಿ ಕಲಸಿಟ್ಟು ದೂರದಲ್ಲಿ ಬೆನ್ನು ತಿರುಗಿಸಿ ನಿಂತರು. ಕೊಯ್ದ ಗಿಡಗಳನ್ನು ಯಾರೂ ತುಳಿಯದ ಹಾಗೆ ನಾನೇ ಬಂಡಿಗೆ ಒಯ್ದು ಹಾಕಿದೆ. ಜಗಲಿಯ ಮೇಲಿದ್ದ ಮೇಷ್ಟ್ರು ಐದನೆಯ ಗಿಡಕ್ಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಬ್ಬ ಹೆಂಗಸು ಅಳುತ್ತಿದ್ದಳು. ಮೂವತ್ತಾರು ಗಿಡಕ್ಕೆ ಎರಡು ದಿನ ಹಿಡಿಯಿತು. ಅಂಗೈ ತುಂಬ ಮುಳ್ಳಿನ ಗೀರು. ಎರಡನೆಯ ದಿನದ ಕೊನೆಗೆ ಬೀದಿ, ಮೊದಲ ಸಲ ನಾನು ನೋಡಿದ ದಿನದಂತೆಯೇ ಬಟ್ಟಬಯಲಾಗಿತ್ತು.

ಗುರುವಾರ ಬೆಳಿಗ್ಗೆ ಬಾವಿಯಿಂದ ನೀರು ಸೇದಿ ಲೋಟ ಹಿಡಿದು ನಿಂತೆ. ಅಮ್ಮ ಪೂಜೆ ಮುಗಿಸಿ ಎದ್ದು, ನನ್ನ ಪಕ್ಕದಲ್ಲೇ ಹಾದು ಅಡಿಗೆಮನೆಗೆ ಹೋದಳು. ಸೊಸೆಯ ಕೈಯಿಂದ ನೀರು ಇಸಿದುಕೊಂಡು ಕುಡಿದಳು. ಊಟಕ್ಕೆ ಕರೆಯುತ್ತಿದ್ದಳು, ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಿದ್ದಳು. ನೀರು ಮಾತ್ರ ಇಲ್ಲ. ಅದಾದ ಮೇಲೂ ಸುಮಾರು ದಿನ ನಾನು ಲೋಟ ಹಿಡಿದು ನಿಂತೆ. ಶ್ರಾವಣ ಬರುವಷ್ಟರಲ್ಲಿ ಬಿಟ್ಟುಬಿಟ್ಟೆ.

ಇಪ್ಪತ್ತು ದಿನಕ್ಕೆ ಬುಡಗಳಲ್ಲಿ ಕೆಂಪು ಮೊಳಕೆ ಕಂಡವು. ಐದು ಬುಡ ಕಡೆಗೂ ಚಿಗುರಲಿಲ್ಲ. ಮಿಕ್ಕ ಮೂವತ್ತೊಂದರಲ್ಲಿ ಗುಂಪು ಗುಂಪು ಚಿಗುರು. ಗಾಳಿಗೆ ಎದುರಾಗಿ, ಆದಷ್ಟು ಕೆಳಗಿನಿಂದ ಎದ್ದ ಒಂದನ್ನು ಉಳಿಸಿ ಬಾಕಿಯನ್ನು ಹೆಬ್ಬೆರಳಲ್ಲಿ ಉಜ್ಜಿ ತೆಗೆಯಬೇಕು. ತೆಗೆದ ಜಾಗದಲ್ಲಿ ವಾರಕ್ಕೆ ಮತ್ತೆ ಏಳುತ್ತವೆ, ಮತ್ತೆ ತೆಗೆಯಬೇಕು. ಪ್ರತಿ ಶನಿವಾರ ಮೂವತ್ತೊಂದು ಸಲ ಬಗ್ಗಿ ಏಳುವುದು. ನನ್ನ ಸೊಂಟನೋವಿಗೆ ಅದೇ ಮೂಲ. ಬೀದಿಯವರು ನೀರು ಹಾಕುವುದನ್ನು ನಿಲ್ಲಿಸಿದ್ದರು, ಆದ್ದರಿಂದ ಮಳೆ ನಿಂತ ಮೇಲೆ ಬಂಡಿಯ ನೀರನ್ನು ನಾವೇ ಹೊತ್ತು ಹಾಕಿದೆವು. ಆದರೆ ಮೇಸ್ತ್ರಿ ಹೇಳಿದ್ದು ನಿಜವಾಯಿತು. ಸಂಕ್ರಾಂತಿಯ ಹೊತ್ತಿಗೆ ನೂಲು ಹಿಡಿದ ಹಾಗೆ ನೆಟ್ಟನೆಯ ಮೂವತ್ತೊಂದು ಗಿಡಗಳು ನನ್ನ ಎದೆ ದಾಟಿ ನಿಂತಿದ್ದವು, ತುದಿ ತುಂಬ ಹೊಳೆಯುವ ಎಳೆ ಪತ್ರೆ.

ಆ ಪತ್ರೆ ನೋಡಿದಷ್ಟೂ ನನಗೆ ಹೆದರಿಕೆ. ಸಾಹೇಬರ ಗಡುವು ಶಿವರಾತ್ರಿಯ ಮಾರನೆಯ ದಿನ. ತುದಿ ಮುರಿದರೆ ಮುಗಿಯಿತು. ಇನ್ನೊಮ್ಮೆ ಕೊಯ್ಯಲು ಬೇರಿಗೂ ಶಕ್ತಿಯಿಲ್ಲ, ನನಗೂ ಇಲ್ಲ. ಮನೆಮನೆಗೆ ಹೋಗಿ ಈ ಒಂದು ವರ್ಷ ಬಿಟ್ಟುಬಿಡಿ ಎಂದು ಬೇಡಿಕೊಂಡೆ. ಆಗಲಿ ಆಗಲಿ ಎಂದರು, ನನ್ನ ಮುಖ ನೋಡದೆ. ಕಡಿದವನು ಬಂದು ಕೀಳಬೇಡಿ ಎಂದರೆ ಯಾರು ಕೇಳುತ್ತಾರೆ? ಕಾವಲು ಹಾಕೋಣವೇ ಎಂದು ಮೇಸ್ತ್ರಿಯನ್ನು ಕೇಳಿದರೆ, ದೇವರಿಗೆ ಅಂತ ಬಂದೋರ ಕೈ ಹಿಡಿಯೋಕಾಗ್ತದಾ ಎಂದರು. ಹಬ್ಬಕ್ಕೆ ಎರಡು ದಿನ ಮುಂಚೆ ಹೆಂಡತಿ, ಮೇಸ್ತ್ರಿಯ ತೋಟ ಸಿದ್ದಾಪುರದ ಆಚೆ ಎಲ್ಲಿ ಬರುತ್ತದೆ ಎಂದು ಕೇಳಿದಳು. ತರಕಾರಿಗೆ ಇರಬೇಕೆಂದು ದಾರಿ ಹೇಳಿದೆ.

ಶಿವರಾತ್ರಿಯ ದಿನ ಬೆಳಕು ಹರಿಯುತ್ತಲೇ ನೀರಿನ ಬಂಡಿಯ ಜೊತೆ ಬೀದಿಗೆ ಹೋದೆ. ಆಗಲೇ ಜನವಿದ್ದರು. ತಟ್ಟೆ, ಹೂಬುಟ್ಟಿ ಹಿಡಿದ ಹೆಂಗಸರು ಮೇಷ್ಟ್ರ ಮನೆಯ ಮುಂದೆ ಗುಂಪಾಗಿದ್ದರು. ಹತ್ತಿರ ಹೋದರೆ, ಬೀದಿಯ ಮೊದಲ ಗಿಡದ ಪಕ್ಕ, ನೆಲದ ಮೇಲೆ ಚಾಪೆ ಹಾಕಿಕೊಂಡು ಅಮ್ಮ ಕೂತಿದ್ದಳು. ಅವಳ ಮುಂದೆ ಒಂದು ದೊಡ್ಡ ಮಂಕರಿ ತುಂಬ ಪತ್ರೆ. ಮೇಸ್ತ್ರಿಯ ತೋಟದ ಹಳೆಯ ಮರದ್ದು. ಹಿಂದಿನ ದಿನ ಅತ್ತೆ ಸೊಸೆ ಇಬ್ಬರೂ ಅಲ್ಲಿಗೆ ನಡೆದು ಹೋಗಿ ಬಿಡಿಸಿ ತಂದಿದ್ದರು. ಮೇಸ್ತ್ರಿ ನನಗೆ ಬಾಯಿಬಿಟ್ಟಿರಲಿಲ್ಲ.

ಬಂದವರಿಗೆಲ್ಲ ಅಮ್ಮ ಬೊಗಸೆ ತುಂಬ ಕೊಡುತ್ತಿದ್ದಳು. ಗಿಡದ ಕಡೆ ಕೈ ಚಾಚಿದ ಒಬ್ಬಾಕೆಯನ್ನು ಸೆರಗು ಹಿಡಿದು ನಿಲ್ಲಿಸಿದಳು.

"ಅದಿನ್ನೂ ಕೂಸಮ್ಮ, ಮುಟ್ಬೇಡಿ. ಎಷ್ಟು ಬೇಕೋ ಇಲ್ಲಿ ತಗೊಳ್ಳಿ," ಎಂದಳು. ಆಮೇಲೆ ಎಲ್ಲರಿಗೂ ಕೇಳುವಂತೆ, "ಹೋದ ವರ್ಷ ಕಿತ್ಕೊಳ್ಳಿ ಅಂದೋಳು ನಾನೇ. ನನ್ನ ಮಾತಿಗೆ ಗಿಡ ಕೆಟ್ಟವು. ನನ್ನ ಮಗನಿಂದ ಅಲ್ಲ."

ನಾನು ಬಂಡಿಯ ಹಿಂದೆ ನಿಂತೆ. ಮೇಷ್ಟ್ರು ಜಗಲಿಯಿಂದ ಇಳಿದು ಬಂದು, ತಾವೂ ಒಂದು ಹಿಡಿ ಪತ್ರೆ ಇಸಿದುಕೊಂಡು, ಬೀದಿಯ ಆ ತುದಿಗೆ ಹೋಗಿ ನಿಂತರು. ಅಲ್ಲಿಂದ ಬರುವವರನ್ನು ಈ ಕಡೆ ಕಳಿಸತೊಡಗಿದರು.

ಮಂಕರಿ ಖಾಲಿಯಾಗುವ ಹೊತ್ತಿಗೆ ಬಿಸಿಲು ಏರಿತ್ತು. ನಾನು ಸಾಲಿನುದ್ದಕ್ಕೂ ನಡೆದು ನೋಡಿ ಬಂದೆ. ಮೂವತ್ತೊಂದು ತುದಿಗಳೂ ಇದ್ದವು. ಅಮ್ಮ ಚಾಪೆಯ ಮೇಲೆ ಹಾಗೆಯೇ ಕೂತಿದ್ದಳು, ಮುಖ ಬಾಡಿತ್ತು. ಅರವತ್ತರ ಮೇಲಿನ ಜೀವ, ಉಪವಾಸ ಬೇರೆ.

"ಪೂಜೆ ಮುಗಿಸ್ಕೊಂಡೇ ಬಂದೆ," ಎಂದಳು ನನ್ನ ಕಡೆ ನೋಡದೆ. "ಇನ್ನೂ ನೀರು ಕುಡ್ದಿಲ್ಲ. ಕೊಡು."

ಹಿತ್ತಾಳೆ ಲೋಟ ಮನೆಯಲ್ಲಿತ್ತು. ಮೇಷ್ಟ್ರ ಮನೆಯಿಂದ ತರುತ್ತೇನೆ ಎಂದೆ. ಬೇಡ ಎಂದು ಅಲ್ಲೇ ಗಿಡದ ಪಾತಿಯ ಪಕ್ಕ ಬೊಗಸೆ ಒಡ್ಡಿದಳು. ಬಂಡಿಯಿಂದ ಕೊಡ ತುಂಬಿ ತಂದು ಬಗ್ಗಿ ಹುಯ್ದೆ. ತುಂಬಿದ ಕೊಡ ಹೆಚ್ಚು ಬಾಗಿ ಅರ್ಧ ನೀರು ಬೊಗಸೆಯಿಂದಾಚೆ, ಗಿಡದ ಬುಡಕ್ಕೆ ಬಿತ್ತು. ನಾನು ಕೊಡ ಎತ್ತಿಹಿಡಿದೆ.

"ಬೀಳ್ಲಿ ಬಿಡು," ಎಂದಳು ಅಮ್ಮ. "ಅದಕ್ಕೂ ಬೇಕಲ್ಲ."